ಎಣ್ಣೆ ಬಾವಿಯಲ್ಲಿ ನಮ್ಮ ಪಾಲು



ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಬೋರು ಹೊಡೆಸುವುದನ್ನು ನೀವೆಲ್ಲರೂ ನೋಡಿರುತ್ತೀರಿ. ಲಾರಿ ಬಂದು ಹೊಲದಲ್ಲಿ ನಿಲ್ಲುತ್ತದೆ. ಕೊರೆಯುವ ಸದ್ದಿಗೆ ಕಿವಿ ಗಡಚಿಕ್ಕುತ್ತದೆ. ಮೊದಲು ಒಣ ಧೂಳು ಏಳುತ್ತದೆ, ನೋಡನೋಡುತ್ತಿದ್ದಂತೆ ಧೂಳು ಕೆಸರಾಗುತ್ತದೆ, ಕೆಸರು ನೀರಾಗಿ ಚಿಮ್ಮುತ್ತದೆ. ಹೊಲದ ಮಾಲಕರು ತೆಂಗಿನಕಾಯಿ ಒಡೆಯುತ್ತಾರೆ. "ಮೂರು ಇಂಚು ನೀರು ಬಿತ್ತಂತ" ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆ. ಆ ಮೂರು ಇಂಚು ಎಷ್ಟು ಬೇಸಿಗೆ ತಾಳುತ್ತದೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವನನ್ನು ಅಪಶಕುನ ನುಡಿದವನಂತೆ ನೋಡುತ್ತಾರೆ.

ಈಗ ಒಂದು ಮಾತು ಊಹಿಸಿಕೊಳ್ಳಿ. ಆ ಹೊಲದವರು ಮರುದಿನ ನಿಮ್ಮ ಮನೆಗೆ ಬಂದು, "ಈ ಬೋರಿನ ನೀರನ್ನು ನೂರು ಪಾಲು ಮಾಡಿದ್ದೇನೆ, ಒಂದು ಪಾಲಿಗೆ ಐದು ಸಾವಿರ ರೂಪಾಯಿ, ಬೇಕೇನು?" ಎಂದರೆ ನೀವು ಏನು ಕೇಳುತ್ತೀರಿ? ಎಷ್ಟು ಆಳ, ಪಕ್ಕದ ಹೊಲದ ಬೋರು ಬತ್ತಿದೆಯೆ, ಪಂಪಿನ ಖರ್ಚು ಯಾರದು, ನೀರು ಮಾರಿದರೆ ಬರುವ ದರವೆಷ್ಟು ಎಂದು ಕೇಳುತ್ತೀರಿ. ಹಳ್ಳಿಯಲ್ಲಿ ಬೆಳೆದ ಹತ್ತು ವರ್ಷದ ಹುಡುಗನಿಗೂ ಈ ಪ್ರಶ್ನೆಗಳು ಹೊಳೆಯುತ್ತವೆ. ಆದರೆ ಇದೇ ವ್ಯವಹಾರ ಷೇರು ಎಂಬ ಹೆಸರಿನಲ್ಲಿ, ಎಣ್ಣೆ ಬಾವಿಯ ವೇಷದಲ್ಲಿ ಬಂದಾಗ ಓದಿದವರಿಗೂ ಅವು ಹೊಳೆಯುವುದಿಲ್ಲ. ನನಗೆ ಹೊಳೆದಿರಲಿಲ್ಲ. ಅದರ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

2008ನೆಯ ಇಸವಿ. ಕಚ್ಚಾ ತೈಲದ ಬೆಲೆ ದಿನದಿನಕ್ಕೆ ಏರುತ್ತಿತ್ತು. ನಾನು ಬಿ.ಎಸ್‌ಸಿ. ಮುಗಿಸಿ, ಟೆಲಿವಿಷನ್ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನನ್ನ ಸೋದರಮಾವ ಧಾರವಾಡದಲ್ಲಿ ಹೈಸ್ಕೂಲಿನ ಗಣಿತ ಮಾಸ್ತರರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಒಂದು ಭಾನುವಾರ ಪತ್ರಿಕೆಯ ತುಂಡೊಂದನ್ನು ಹಿಡಿದುಕೊಂಡು ಬಂದರು.

"ನೀ ಸೈನ್ಸ್ ಓದಿದಾಂವ ಇದ್ದೀಯಪಾ. ಈ ಸಣ್ಣ ಕಂಪನಿಗೆ ಎಣ್ಣಿ ಸಿಕ್ಕದಂತ. ಶೇರು ತಗೋಳ್ಳಲೇನು?"

ನಾನು ಆ ತುಂಡನ್ನು ಪೂರ್ತಿ ಓದಲೂ ಇಲ್ಲ. "ತಗೋರಿ ಮಾಮಾ. ಎಣ್ಣಿ ಅಂದ್ರ ಯಾವತ್ತೂ ಬೇಕಾಗೋದ ಅಲ್ಲೇನ್ರಿ" ಎಂದೆ.

ಮಾಮಾ ನಾಲ್ಕು ಲಕ್ಷ ರೂಪಾಯಿ ಹಾಕಿದರು. ಮಗಳ ಎಂಜಿನಿಯರಿಂಗಿಗೆಂದು ಎತ್ತಿಟ್ಟ ಹಣ ಅದು. ಎರಡು ವರ್ಷ ಕಳೆದು ಆಕೆಯ ಎರಡನೆಯ ಪಿ.ಯು.ಸಿ. ಮುಗಿಯುವ ಹೊತ್ತಿಗೆ ಆ ನಾಲ್ಕು ಲಕ್ಷ ಒಂದು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಕುಂದಗೋಳದ ಹೊಲದ ಮೇಲೆ ಸಾಲ ಮಾಡಿ ಫೀ ಕಟ್ಟಿದರು. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಮಾಮಿ ಮಾತ್ರ ಒಮ್ಮೆ ಚಹಾ ಕೊಡುತ್ತ, "ನಿನಗ ಗೊತ್ತಿತ್ತೋ ಇಲ್ಲೋ?" ಎಂದು ಕೇಳಿದರು. ಗೊತ್ತಿರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಕಂಪನಿಯ ಹೆಸರು ಇಲ್ಲಿ ಬೇಡ. ಅದು ಮೋಸವನ್ನೇನೂ ಮಾಡಿರಲಿಲ್ಲ. ಹೇಳಬೇಕಾದುದನ್ನು ತನ್ನ ವಾರ್ಷಿಕ ವರದಿಯಲ್ಲಿ ಹೇಳಿತ್ತು, ನಾವು ಓದಿರಲಿಲ್ಲ ಅಷ್ಟೆ. ಆ ಮೇಲೆ ನಾನು ಓದತೊಡಗಿದೆ. ಇಂದು ನಿಮಗೆ ಹೇಳುತ್ತಿರುವುದು ಆ ಓದಿನಿಂದ ತಿಳಿದದ್ದು.

ಮೊದಲು ನೆಲದ ವಿಷಯ. ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಲ್ಲಿನ ಶಿಲಾಸಮೂಹಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟರು. ಈ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಇವುಗಳಲ್ಲಿ ಬಂಗಾರ ಸಿಗುತ್ತದೆ, ಹಟ್ಟಿಯ ಗಣಿಯೇ ಸಾಕ್ಷಿ. ಆದರೆ ಎಣ್ಣೆ ಸಿಗುವುದಿಲ್ಲ. ಎಣ್ಣೆ ಹುಟ್ಟಬೇಕಾದರೆ ಸಮುದ್ರದ ಅಥವಾ ಸರೋವರದ ಸೂಕ್ಷ್ಮ ಜೀವಿಗಳ ಅವಶೇಷ ಕೆಸರಿನೊಂದಿಗೆ ಪದರು ಪದರಾಗಿ ಹೂತುಹೋಗಬೇಕು, ಆಳದಲ್ಲಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಅದಕ್ಕಿಂತ ಹೆಚ್ಚು ಬೆಂದರೆ ಅನಿಲವಾಗುತ್ತದೆ. ನಮ್ಮ ಧಾರವಾಡ ಶಿಲೆಗಳು ಹಿಂಡಿ, ಕಾದು, ಮಡಚಿ ಹೋಗಿರುವಂಥವು. ಅಲ್ಲಿ ಎಣ್ಣೆಯ ಮಾತೇ ಇಲ್ಲ. ಕರ್ನಾಟಕದಲ್ಲಿ ವ್ಯಾಪಾರಕ್ಕೆ ಎಣ್ಣೆ ಕೊಡುವ ಒಂದು ಬಾವಿಯೂ ಇಲ್ಲ. ಎಣ್ಣೆ ಅಸ್ಸಾಮಿನಲ್ಲಿದೆ, ಗುಜರಾತಿನಲ್ಲಿದೆ, ರಾಜಸ್ಥಾನದಲ್ಲಿದೆ, ಮುಂಬಯಿ ಸಮುದ್ರದಲ್ಲಿದೆ, ಕೃಷ್ಣಾ-ಗೋದಾವರಿ ಮತ್ತು ಕಾವೇರಿ ನದೀಮುಖಗಳ ಸುತ್ತ ಇದೆ. ನಮ್ಮವರಲ್ಲಿ ಬಹಳ ಜನ ಎಣ್ಣೆ ಬಾವಿಯನ್ನು ಕಣ್ಣಿನಿಂದ ನೋಡಿಲ್ಲ. ಷೇರಿನ ಮೂಲಕ ಮಾತ್ರ ಅದರ ಒಡೆಯರಾಗುತ್ತಾರೆ.

ನೆಲದೊಳಗೆ ಎಣ್ಣೆ ಕೆರೆಯಂತೆ ತುಂಬಿ ನಿಂತಿರುತ್ತದೆ ಎಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಹಾಗಲ್ಲ. ನೀರಿನಲ್ಲಿ ನೆನೆಸಿದ ಇಟ್ಟಿಗೆಯನ್ನು ನೆನೆಯಿರಿ. ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ನೀರು ಹೇಗೆ ಅಡಗಿರುತ್ತದೋ ಹಾಗೆ ಮರಳುಗಲ್ಲಿನ ರಂಧ್ರಗಳಲ್ಲಿ ಎಣ್ಣೆ ಅಡಗಿರುತ್ತದೆ. ಅದು ಮೇಲೆ ಬರುವುದು ಒತ್ತಡದಿಂದ. ಗೋಲಿ ಸೋಡಾ ಬಾಟಲಿಯ ಗೋಲಿ ಒತ್ತಿದಾಗ ಸೋಡಾ ಉಕ್ಕುತ್ತದೆ, ಸ್ವಲ್ಪ ಹೊತ್ತಿಗೆ ಉಕ್ಕು ನಿಲ್ಲುತ್ತದೆ, ಬಾಟಲಿಯಲ್ಲಿ ಸೋಡಾ ಇನ್ನೂ ಉಳಿದಿರುತ್ತದೆ. ಎಣ್ಣೆ ಬಾವಿಯೂ ಹಾಗೆಯೇ. ತೆಗೆದಷ್ಟೂ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಷ್ಟೂ ಹರಿವು ಇಳಿಯುತ್ತದೆ. ಪಂಪು ಹಾಕಬಹುದು, ಪಕ್ಕದ ಬಾವಿಯಿಂದ ನೀರು ಒತ್ತಬಹುದು. ಇಷ್ಟೆಲ್ಲ ಮಾಡಿದರೂ ನೆಲದೊಳಗಿನ ಎಣ್ಣೆಯಲ್ಲಿ ಮೂರರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ ಮೇಲೆ ಬರುವುದು ಸಾಮಾನ್ಯ. ಹರಿಯಲು ಆರಂಭಿಸಿದ ಬಾವಿ ಅಂದಿನಿಂದಲೇ ಮುಪ್ಪಿನ ದಾರಿ ಹಿಡಿದಿರುತ್ತದೆ. ವರ್ಷಕ್ಕೆ ನೂರಕ್ಕೆ 15ರಷ್ಟು ಇಳಿಯುವ ಬಾವಿ ಇದ್ದರೆ, 100 ಪೀಪಾಯಿ ಎರಡನೆಯ ವರ್ಷ 85, ಮೂರನೆಯ ವರ್ಷ 72, ಆಮೇಲೆ 61, ಐದನೆಯ ವರ್ಷ 52. ಚಕ್ರಬಡ್ಡಿಯ ಲೆಕ್ಕವನ್ನು ತಿರುಗಿಸಿ ಮಾಡಿದಂತೆ. ಮಾಮಾ ಮೂವತ್ತು ವರ್ಷ ಚಕ್ರಬಡ್ಡಿಯನ್ನೇ ಕಲಿಸಿದವರು!

ಇನ್ನು ನಿಜವಾದ ಒಂದು ಕಂಪನಿಯ ಉದಾಹರಣೆ ನೋಡೋಣ. ಮಾಮಾ ಕೊಂಡದ್ದು ಇದರ ಷೇರು ಅಲ್ಲ. ಇದರ ಇತಿಹಾಸ ಎಲ್ಲರಿಗೂ ತೆರೆದಿರುವುದರಿಂದ ಆರಿಸಿಕೊಂಡಿದ್ದೇನೆ. ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಷನ್ ಕಂಪನಿ, ಪೇಟೆಯವರ ಬಾಯಲ್ಲಿ ಎಚ್‌ಒಇಸಿ. 1983ರಲ್ಲಿ ಎಚ್. ಟಿ. ಪಾರೇಖ್ ಅವರು ಇದನ್ನು ಕಟ್ಟಿದರು. ಮನೆ ಸಾಲಕ್ಕೆ ಹೆಸರಾದ ಎಚ್‌ಡಿಎಫ್‌ಸಿಯನ್ನು 1977ರಲ್ಲಿ ಸ್ಥಾಪಿಸಿದವರೂ ಅವರೇ. ಎಣ್ಣೆ ಹುಡುಕುವುದು ಸರ್ಕಾರಿ ಸಂಸ್ಥೆಗಳ ಕೆಲಸ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಖಾಸಗಿಯಾಗಿ ಆ ಕೆಲಸಕ್ಕೆ ಇಳಿದ ಮೊದಲಿಗ ಕಂಪನಿ ಅದು. ಗಾತ್ರದಲ್ಲಿ ಮಾತ್ರ ಯಾವತ್ತೂ ಚಿಕ್ಕದು. ಒಎನ್‌ಜಿಸಿ ಆನೆಯಾದರೆ ಇದು ಮೊಲ.

ಈ ಕಂಪನಿಯ ಕೈಯಲ್ಲಿ ಪುದುಚೇರಿಯ ಕಡಲಾಚೆ ಪಿವೈ-1 ಎಂಬ ಅನಿಲ ಕ್ಷೇತ್ರವಿತ್ತು. ಅದರ ವಿಶೇಷವನ್ನು ಕೇಳಿ. ಅಲ್ಲಿ ಅನಿಲವಿದ್ದದ್ದು ಮರಳುಗಲ್ಲಿನಲ್ಲಲ್ಲ, ಬುಡದ ಗ್ರಾನೈಟ್ ಶಿಲೆಯ ಬಿರುಕುಗಳಲ್ಲಿ. ಗ್ರಾನೈಟು ಅನಿಲವನ್ನು ಹುಟ್ಟಿಸುವುದಿಲ್ಲ. ಅಕ್ಕಪಕ್ಕದ ಪದರು ಶಿಲೆಯಲ್ಲಿ ಹುಟ್ಟಿದ್ದು ಸರಿದು ಬಂದು ಬಿರುಕಿನಲ್ಲಿ ಸೇರಿಕೊಂಡಿರುತ್ತದೆ. ನಮ್ಮ ಬೋರಿನ ನೀರು ಗಟ್ಟಿ ಕಲ್ಲಿನ ಬಿರುಕಿನಲ್ಲಿ ಸೇರಿಕೊಂಡಿರುವುದಿಲ್ಲವೆ, ಥೇಟ್ ಹಾಗೆ. ಬಿರುಕು ದೊಡ್ಡದಿದ್ದು ಒಂದಕ್ಕೊಂದು ಕೂಡಿಕೊಂಡಿದ್ದರೆ ಭಾಗ್ಯ. ವಿಯೆಟ್ನಾಮಿನ ಬಾಕ್ ಹೋ ಎಂಬ ಕಡಲ ಕ್ಷೇತ್ರದಲ್ಲಿ ಇಂಥದೇ ಗ್ರಾನೈಟಿನಿಂದ ದಶಕಗಳ ಕಾಲ ಅಪಾರ ಎಣ್ಣೆ ಬಂದಿದೆ. ಬಿರುಕುಗಳು ಕೂಡಿಕೊಂಡಿರದಿದ್ದರೆ? ಕೊರೆದ ಬಾವಿಗೆ ಹತ್ತಿರದ ಬಿರುಕು ಬರಿದಾಗುತ್ತದೆ, ದೂರದ್ದು ಬಂದು ಸೇರುವುದಿಲ್ಲ. ಮೊದಲ ದಿನದ ಹರಿವನ್ನು ನೋಡಿ ಇವೆರಡರಲ್ಲಿ ಯಾವುದು ಎಂದು ಹೇಳಲಾಗದು.

2008ರ ಹೊತ್ತಿಗೆ ಇಟಲಿಯ ಎನಿ ಎಂಬ ಭಾರಿ ತೈಲ ಕಂಪನಿ, ಬರೆನ್ ಎಂಬ ಬ್ರಿಟಿಷ್ ಕಂಪನಿಯನ್ನು ಕೊಂಡಾಗ, ಬರೆನ್ ಕೈಯಲ್ಲಿದ್ದ ಎಚ್‌ಒಇಸಿ ಷೇರುಗಳೂ ಅದಕ್ಕೆ ಬಂದವು. ಮುಂದೆ ಅದರ ಪಾಲು ನೂರಕ್ಕೆ 47ರಷ್ಟಾಯಿತು. ಸಾಮಾನ್ಯ ಹೂಡಿಕೆದಾರರಿಗೆ ಇದಕ್ಕಿಂತ ದೊಡ್ಡ ಭರವಸೆ ಏನು ಬೇಕು? ಜಗತ್ತನ್ನೆಲ್ಲ ಕೊರೆದವರೇ ಬಂದು ಕುಳಿತಿದ್ದಾರೆ ಎಂದರು. 2009ರ ನವೆಂಬರಿನಲ್ಲಿ ಪಿವೈ-1ರಿಂದ ಅನಿಲ ಹರಿಯತೊಡಗಿತು. ಬಳಿಕದ ಕೆಲವೇ ವರ್ಷಗಳಲ್ಲಿ ಹರಿವು ನಿರೀಕ್ಷೆಗಿಂತ ಬಹಳ ಕೆಳಗೆ ಇಳಿಯಿತು. ನಿಕ್ಷೇಪದ ಅಂದಾಜನ್ನು ತಗ್ಗಿಸಬೇಕಾಯಿತು, ಲೆಕ್ಕಪತ್ರದಲ್ಲಿ ಆ ಕ್ಷೇತ್ರಕ್ಕೆ ಬರೆದುಕೊಂಡಿದ್ದ ಬೆಲೆಯನ್ನು ಕಡಿಯಬೇಕಾಯಿತು, ಷೇರಿನ ಬೆಲೆಯೂ ಕುಸಿಯಿತು. ಕಾಲಾಂತರದಲ್ಲಿ ಎನಿ ಹೊರನಡೆಯಿತು. ಇಟಲಿಯ ತಜ್ಞರಿಗೂ ನೆಲದೊಳಗಿನ ಬಿರುಕು ಕಂಡಿರಲಿಲ್ಲ.

ಚಿಕ್ಕ ಕಂಪನಿಯಾದ್ದರಿಂದ ಹೀಗಾಯಿತು ಎನ್ನುವಂತಿಲ್ಲ. ರಿಲಯನ್ಸ್ ಕಂಪನಿಯ ಕೃಷ್ಣಾ-ಗೋದಾವರಿ ಡಿ6 ಕ್ಷೇತ್ರದಲ್ಲಿ 2009ರ ಏಪ್ರಿಲ್‌ನಲ್ಲಿ ಅನಿಲ ಆರಂಭವಾಗಿ, 2010ರಲ್ಲಿ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ಮುಟ್ಟಿ, ಅಲ್ಲಿಂದ ಇಳಿಯುತ್ತ ಹೋಯಿತು. ಮೊದಲು ಹರಿದ ಆ ಎರಡು ನಿಕ್ಷೇಪಗಳು 2020ರ ಫೆಬ್ರವರಿಯಲ್ಲಿ ಮುಚ್ಚಿದವು. ವ್ಯತ್ಯಾಸ ಇಷ್ಟೆ: ರಿಲಯನ್ಸಿಗೆ ಬೇರೆ ಹತ್ತು ವ್ಯಾಪಾರಗಳಿದ್ದವು. ಒಂದೆರಡು ಬಾವಿಯನ್ನೇ ನಂಬಿದ ಕಂಪನಿಗೆ ಬಾವಿ ಬತ್ತಿದರೆ ಹೊಲವೇ ಬತ್ತಿದಂತೆ.

ಎಚ್‌ಒಇಸಿಯ ಕತೆ ಅಲ್ಲಿಗೆ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ. ಹೊಸ ಆಡಳಿತ ಬಂದು, 2017ರ ಆಗಸ್ಟಿನಲ್ಲಿ ಅಸ್ಸಾಮಿನ ಡಿರೋಕ್ ಕ್ಷೇತ್ರದಿಂದ ಅನಿಲ ಹರಿಸಿತು. 1889ರಲ್ಲಿ ಎಣ್ಣೆ ಸಿಕ್ಕ ಡಿಗ್ಬೋಯ್ ಇರುವ ಆ ಮೂಲೆಯಲ್ಲೇ ಅದೂ ಇದೆ. ಒಎನ್‌ಜಿಸಿ ಮೊದಲೇ ಕಂಡುಹಿಡಿದು ಕೈಬಿಟ್ಟಿದ್ದ ಚಿಕ್ಕ ಕ್ಷೇತ್ರಗಳನ್ನು ಸರ್ಕಾರ 2016ರಲ್ಲಿ ಹರಾಜಿಗಿಟ್ಟಾಗ ಮುಂಬಯಿ ಕಡಲಿನ ಬಿ-80 ಅದರ ಕೈಸೇರಿತು. ಅಲ್ಲಿಂದ ಉತ್ಪಾದನೆ ಆರಂಭವಾದದ್ದು 2022ರಲ್ಲಿ. ಹರಾಜಿಗೂ ಹರಿವಿಗೂ ನಡುವೆ ಎಷ್ಟು ವರ್ಷ ಹೋಯಿತು ನೋಡಿ. ಮಳೆಗಾಲದ ಕಡಲಿನಲ್ಲಿ ಕೆಲಸ ಸಾಗದು, ಯಂತ್ರ ಬರಬೇಕು, ಹಡಗು ಬರಬೇಕು, ನಡುವೆ ಕೋವಿಡ್ ಕೂಡ ಬಂತು. ಮೂರು ತಿಂಗಳಿಗೆ ಹಣ ಇಮ್ಮಡಿಯಾದೀತೆಂದು ಕಾಯುವವನ ಕ್ಯಾಲೆಂಡರ್ ಬೇರೆ, ಕಡಲಿನ ಕ್ಯಾಲೆಂಡರ್ ಬೇರೆ.

ಡಿರೋಕಿನ ವಿಷಯದಲ್ಲಿ ಇನ್ನೊಂದು ಪಾಠವಿದೆ. ಅದರಲ್ಲಿ ಎಚ್‌ಒಇಸಿಯ ಪಾಲು ನೂರಕ್ಕೆ 26.882 ಮಾತ್ರ. ಆಯಿಲ್ ಇಂಡಿಯಾದ್ದು 44.086, ಇಂಡಿಯನ್ ಆಯಿಲ್‌ದು 29.032. ಪತ್ರಿಕೆಯಲ್ಲಿ ಕ್ಷೇತ್ರದ ಒಟ್ಟು ಉತ್ಪಾದನೆಯ ಅಂಕಿ ಬರುತ್ತದೆ. ಷೇರುದಾರರಿಗೆ ಸೇರಿದ್ದು ಅದರ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅದರಲ್ಲೂ ರಾಯಧನ ಮತ್ತು ಸರ್ಕಾರದ ಪಾಲು ಹೋಗಬೇಕು. ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಷೇರಿನ ಮಾತು ಕೇಳಿದ್ದೇನೆ; ಈ ಗುಣಾಕಾರ ಮಾಡಿ ಮಾತಾಡುವವರನ್ನು ಕಂಡದ್ದು ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಕಾಗದ, ಪೆನ್ಸಿಲು ಇದ್ದರೆ ತೆಗೆದುಕೊಳ್ಳಿ. ಒಂದು ಕಾಲ್ಪನಿಕ ಕಂಪನಿ ದಿನಕ್ಕೆ 1000 ಪೀಪಾಯಿ ಎಣ್ಣೆ ತೆಗೆಯುತ್ತದೆ ಎನ್ನಿ. ಒಂದು ಪೀಪಾಯಿ ಎಂದರೆ ಸುಮಾರು 159 ಲೀಟರ್. ಬೆಲೆ ಪೀಪಾಯಿಗೆ 80 ಡಾಲರ್. ದಿನದ ಆದಾಯ 80 ಸಾವಿರ ಡಾಲರ್. ಕಡಲಿನ ಕಟ್ಟೆ, ಹಡಗಿನ ಬಾಡಿಗೆ, ಕೆಲಸಗಾರರ ಸಂಬಳ ಎಲ್ಲ ಸೇರಿ ದಿನದ ಖರ್ಚು 40 ಸಾವಿರ. ಉಳಿಯುವುದು 40 ಸಾವಿರ. ಬೆಲೆ 80ರಿಂದ 60ಕ್ಕೆ ಇಳಿದರೆ ಅದು ನೂರಕ್ಕೆ 25ರ ಇಳಿತ. ಆದಾಯ 60 ಸಾವಿರ, ಖರ್ಚು ಅಷ್ಟೇ, ಉಳಿಯುವುದು 20 ಸಾವಿರ. ಲಾಭ ಅರ್ಧಕ್ಕೆ ಬಂತು. ಬೆಲೆ 80ರಲ್ಲೇ ಇದ್ದು ಬಾವಿಯ ಹರಿವು 600 ಪೀಪಾಯಿಗೆ ಇಳಿದರೆ? ಆದಾಯ 48 ಸಾವಿರ, ಉಳಿಯುವುದು ಬರೇ 8 ಸಾವಿರ. ಹರಿವು ನೂರಕ್ಕೆ 40 ಇಳಿದರೆ ಲಾಭ ನೂರಕ್ಕೆ 80 ಇಳಿಯಿತು. ಎರಡೂ ಒಟ್ಟಿಗೆ ಬಂದರೆ, ಅಂದರೆ 600 ಪೀಪಾಯಿ 60 ಡಾಲರಿನಂತೆ ಮಾರಿದರೆ, ಆದಾಯ 36 ಸಾವಿರ, ನಷ್ಟ ಆರಂಭ. ಎಣ್ಣೆಯ ಬೆಲೆ ಒಂದು ಗೇಣು ಅಲುಗಿದರೆ ಚಿಕ್ಕ ಕಂಪನಿಯ ಷೇರು ಒಂದು ಮಾರು ಅಲುಗುವುದು ಇದೇ ಕಾರಣಕ್ಕೆ. ಏರುವಾಗಲೂ ಹಾಗೆಯೇ ಏರುತ್ತದೆ, ಜನ ಮರುಳಾಗುವುದು ಅಲ್ಲಿಯೇ.

ಬೆಲೆ ಎಷ್ಟು ಅಲುಗೀತು ಎನ್ನುವಿರಾ? 2008ರ ಜುಲೈಯಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿದ ಕಚ್ಚಾ ತೈಲ ಅದೇ ಡಿಸೆಂಬರ್ ಹೊತ್ತಿಗೆ 40ಕ್ಕಿಂತ ಕೆಳಗೆ ಬಂದಿತ್ತು. ಮಾಮಾ ಕೊಂಡದ್ದು ಆ ಏರಿಕೆಯ ನಡುವೆ. 2020ರ ಏಪ್ರಿಲ್ 20ರಂದು ಅಮೆರಿಕದ ಪೇಟೆಯಲ್ಲಿ ಮುಂಗಡ ವ್ಯಾಪಾರದ ಬೆಲೆ ಸೊನ್ನೆಗಿಂತಲೂ ಕೆಳಗೆ, ಋಣ 37 ಡಾಲರಿಗೆ ಹೋಯಿತು. ಎಣ್ಣೆ ಒಯ್ಯುವವರಿಗೆ ಮಾರುವವರೇ ಹಣ ಕೊಡಬೇಕಾದ ಸ್ಥಿತಿ! "ಎಣ್ಣಿ ಯಾವತ್ತೂ ಬೇಕಾಗೋದ" ಎಂಬ ನನ್ನ ಮಾತು ಸುಳ್ಳೇನಲ್ಲ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ದಾಭೋಳ-ಬೆಂಗಳೂರು ಅನಿಲ ಕೊಳವೆ ನಮ್ಮ ಧಾರವಾಡ ಜಿಲ್ಲೆಯ ಮೂಲಕವೇ ಹೋಗಿದೆ, ಅವಳಿ ನಗರದ ಎಷ್ಟೋ ಅಡುಗೆಮನೆಗಳಿಗೆ ಈಗ ಗ್ಯಾಸು ಪೈಪಿನಲ್ಲಿ ಬರುತ್ತದೆ. ಬೇಡಿಕೆಗೆ ಕೊರತೆ ಇಲ್ಲ. ಆದರೆ ದೇಶಕ್ಕೆ ಎಣ್ಣೆ ಬೇಕು ಎನ್ನುವುದು ಒಂದು, ಈ ಕಂಪನಿಯ ಈ ಬಾವಿಯಲ್ಲಿ ಎಣ್ಣೆ ಇದೆ ಎನ್ನುವುದು ಇನ್ನೊಂದು. ನಾನು ಎರಡನ್ನೂ ಒಂದೇ ಎಂದು ತಿಳಿದದ್ದೇ ತಪ್ಪು.

ಸರ್ಕಾರದ ಕೈಯೂ ಇದರಲ್ಲಿ ಇದೆ. ಕೆಲವು ಕ್ಷೇತ್ರಗಳ ಅನಿಲಕ್ಕೆ ಸರ್ಕಾರವೇ ಸೂತ್ರ ಹಾಕಿ ಬೆಲೆ ಕಟ್ಟುತ್ತದೆ. 2016ರ ಚಿಕ್ಕ ಕ್ಷೇತ್ರಗಳಿಗೆ ಮಾರಾಟದ ಸ್ವಾತಂತ್ರ್ಯವಿದೆ. 2022ರ ಜುಲೈಯಲ್ಲಿ ದೇಶದೊಳಗಿನ ಕಚ್ಚಾ ತೈಲದ ಮೇಲೆ ಹಾಕಿದ ವಿಶೇಷ ತೆರಿಗೆಯಲ್ಲಿ ಹಿಂದಿನ ವರ್ಷ 20 ಲಕ್ಷ ಪೀಪಾಯಿಗಿಂತ ಕಡಿಮೆ ತೆಗೆದವರಿಗೆ ವಿನಾಯಿತಿ ಇತ್ತು. 2024ರ ಡಿಸೆಂಬರಿನಲ್ಲಿ ಆ ತೆರಿಗೆಯೇ ಹೋಯಿತು.

ನಿಕ್ಷೇಪ ಎಂಬ ಮಾತನ್ನು ಆಗಲೇ ಬಳಸಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಎಲ್ಲ ಗೊಂದಲದ ಬೇರು ಇಲ್ಲಿದೆ. ನೆಲದೊಳಗೆ ಯಾರೂ ಇಳಿದು ಅಳೆದಿಲ್ಲ. ಭೂಕಂಪನದ ಅಲೆ ಕಳಿಸಿ ಬಂದ ಪ್ರತಿಧ್ವನಿಯಿಂದ, ಒಂದೆರಡು ಬಾವಿಯ ಕಲ್ಲಿನ ಚೂರಿನಿಂದ, ಒತ್ತಡದ ಅಳತೆಯಿಂದ ಅಂದಾಜು ಕಟ್ಟುತ್ತಾರೆ. ಆ ಅಂದಾಜಿಗೆ ಮೂರು ಮೆಟ್ಟಿಲು. ಕೊನೆಗೆ ಇಷ್ಟಾದರೂ ಬಂದೇ ಬರುತ್ತದೆ ಎಂದು ನೂರಕ್ಕೆ 90ರಷ್ಟು ನಂಬಿಕೆಯಿಂದ ಹೇಳಬಹುದಾದದ್ದು ಖಚಿತ ನಿಕ್ಷೇಪ. ಅದಕ್ಕೆ ಸಂಭಾವ್ಯವನ್ನು ಕೂಡಿಸಿದರೆ ನಂಬಿಕೆ ನೂರಕ್ಕೆ 50. ಇನ್ನೂ ಬರಬಹುದು ಎಂಬುದನ್ನೆಲ್ಲ ಕೂಡಿಸಿದರೆ ನೂರಕ್ಕೆ 10. ಮೂರೂ ಅಂಕಿಗಳು ಸುಳ್ಳಲ್ಲ. ಆದರೆ ಪತ್ರಿಕೆಯ ತಲೆಬರಹಕ್ಕೆ ಬರುವುದು ಯಾವುದು ಎಂದು ನಾನು ಹೇಳಬೇಕಾಗಿಲ್ಲ. ಪಿ.ಯು.ಸಿ. ವಿದ್ಯಾರ್ಥಿಗೆ ಪರೀಕ್ಷೆಯ ಮೊದಲು "ಎಷ್ಟು ಅಂಕ ಬಂದೀತು?" ಎಂದು ಕೇಳಿದರೆ ಅಪ್ಪನಿಗೆ ಒಂದು, ಗೆಳೆಯನಿಗೆ ಒಂದು, ಮನಸ್ಸಿನಲ್ಲಿ ಒಂದು ಅಂಕಿ ಇರುತ್ತದಲ್ಲ, ಹಾಗೆ.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹೊಸ ಬಾವಿಯನ್ನು ಪರೀಕ್ಷಿಸುವಾಗ ಅನಿಲಕ್ಕೆ ಬೆಂಕಿ ಹಚ್ಚಿ ಉರಿಸುತ್ತಾರೆ. ರಾತ್ರಿಯ ಕಡಲಿನ ಮೇಲೆ ಆ ಜ್ವಾಲೆ ಟೀವಿ ಪರದೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಹತ್ತು ಸೆಕೆಂಡು ತೋರಿಸಿದರೆ ಸಾಕು, ನೋಡುವವರ ಕಣ್ಣು ಅರಳುತ್ತದೆ. ಆ ಬಾವಿಯನ್ನು ಎಷ್ಟು ತಾಸು ಹರಿಸಿ ಆ ಅಂಕಿ ಪಡೆದರು, ಹರಿಸಿದ ಮೇಲೆ ಒತ್ತಡ ಎಷ್ಟು ಇಳಿಯಿತು, ಮತ್ತೆ ಎಷ್ಟು ಹೊತ್ತಿಗೆ ಮೊದಲಿನ ಮಟ್ಟಕ್ಕೆ ಏರಿತು ಎಂಬುದನ್ನು ಯಾವ ಕ್ಯಾಮೆರಾಕ್ಕೂ ತೋರಿಸಲು ಬರುವುದಿಲ್ಲ. ಒತ್ತಡದ ನಕ್ಷೆ ತೋರಿಸಿದರೆ ಜನ ಚಾನಲ್ ತಿರುಗಿಸುತ್ತಾರೆ. ನಾನೇ ಎಡಿಟಿಂಗ್ ಟೇಬಲಿನಲ್ಲಿ ಇಂಥ ನಕ್ಷೆಗಳನ್ನು ಕತ್ತರಿಸಿ ಎಸೆದಿದ್ದೇನೆ. ಕೆಲವು ತಾಸಿನ ಪರೀಕ್ಷೆಯ ಹರಿವು ಬೇರೆ, ತಿಂಗಳುಗಟ್ಟಲೆಯ ಉತ್ಪಾದನೆ ಬೇರೆ. ಬೋರು ಹೊಡೆದ ದಿನದ ಮೂರು ಇಂಚೂ ಏಪ್ರಿಲ್ ತಿಂಗಳ ಇಂಚೂ ಬೇರೆ ಬೇರೆ ಇದ್ದಂತೆ.

ಹಾಗಾದರೆ ಇಂಥ ಷೇರನ್ನು ಹಿಂಬಾಲಿಸುವವರು ಏನನ್ನು ನೋಡಬೇಕು? ಬೆಲೆಯ ಪಟ್ಟಿಯನ್ನಂತೂ ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಮೊದಲು ವಾರ್ಷಿಕ ವರದಿಯಲ್ಲಿ ನಿಕ್ಷೇಪದ ಕೋಷ್ಟಕವನ್ನು ಹುಡುಕಬೇಕು. ವರ್ಷದ ಆರಂಭದಲ್ಲಿ ಎಷ್ಟಿತ್ತು, ಎಷ್ಟು ತೆಗೆದರು, ಹೊಸದಾಗಿ ಎಷ್ಟು ಸೇರಿತು, ಅಂದಾಜು ಪರಿಷ್ಕರಿಸಿ ಎಷ್ಟು ಕಡಿದರು ಎಂಬುದು ಅದರಲ್ಲಿರುತ್ತದೆ. ನಮ್ಮ ಕಾಲ್ಪನಿಕ ಕಂಪನಿ ದಿನಕ್ಕೆ 1000 ಪೀಪಾಯಿಯಂತೆ ವರ್ಷಕ್ಕೆ 3,65,000 ತೆಗೆಯುತ್ತದೆ. ಖಚಿತ ನಿಕ್ಷೇಪ 25 ಲಕ್ಷ ಇದ್ದರೆ ಏಳು ವರ್ಷವೂ ಬಾರದು. ತೆಗೆದದ್ದನ್ನು ತುಂಬಿಕೊಳ್ಳದೆ ಲಾಭ ತೋರಿಸುವ ಕಂಪನಿ, ಬೀಜದ ಜೋಳವನ್ನು ಮಾರಿ ಹಬ್ಬ ಮಾಡಿದ ಮನೆಯಂತೆ. ಸಾಲ ಎಷ್ಟಿದೆ, ಲೆಕ್ಕ ಪರಿಶೋಧಕರು ಯಾವ ಮಾತಿಗೆ ಒತ್ತು ಕೊಟ್ಟಿದ್ದಾರೆ ಎಂಬುದೂ ಮುಖ್ಯ. ದೇಶದ ತಿಂಗಳ ಎಣ್ಣೆ-ಅನಿಲ ಉತ್ಪಾದನೆಯ ಅಂಕಿಗಳನ್ನು ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಪ್ರಕಟಿಸುತ್ತದೆ. ಕಂಪನಿ ಷೇರುಪೇಟೆಗೆ ಸಲ್ಲಿಸುವ ಪತ್ರಗಳು ಎಲ್ಲರಿಗೂ ನೋಡಲು ಸಿಗುತ್ತವೆ. ಇದಕ್ಕೆ ಕಾಸು ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೆ.

ಹಿಂದೆ ಈ ತಾಳ್ಮೆ ತಾನಾಗಿಯೇ ಬರುತ್ತಿತ್ತು. ಷೇರು ಎಂದರೆ ಕಾಗದ. ಬೆಂಗಳೂರಿನಲ್ಲಿ 1963ರಿಂದ ಷೇರು ವಿನಿಮಯ ಕೇಂದ್ರವಿತ್ತು, ಮಂಗಳೂರಿನಲ್ಲೂ ಒಂದಿತ್ತು. ಹುಬ್ಬಳ್ಳಿಯವರು ಅರ್ಜಿಗೆ ಸಹಿ ಮಾಡಿ ಅಂಚೆಗೆ ಹಾಕಿ ವಾರಗಟ್ಟಲೆ ಕಾಯುತ್ತಿದ್ದರು. 1996ರ ಡಿಪಾಸಿಟರಿ ಕಾಯಿದೆಯಿಂದ ಕಾಗದ ಹೋಗಿ ಖಾತೆ ಬಂತು. ಆ ಎರಡು ಕೇಂದ್ರಗಳೂ ಈಗಿಲ್ಲ, ಬೆಂಗಳೂರಿನದು 2014ರಲ್ಲಿ ಮುಚ್ಚಿತು. ಇಂದು ಚೆನ್ನಮ್ಮ ವೃತ್ತದಲ್ಲಿ ಬಸ್ಸಿಗೆ ಕಾಯುತ್ತ ನಿಂತ ಕಾಲೇಜು ಹುಡುಗ ಫೋನಿನಲ್ಲಿ ಮೂರು ಸಲ ಕೊಂಡು ಮೂರು ಸಲ ಮಾರಬಲ್ಲ. ಭವಿಷ್ಯದ ಬೆಲೆಯ ಮೇಲೆ ಪಣ ಕಟ್ಟುವ ವ್ಯಾಪಾರದಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಸಾಮಾನ್ಯ ವ್ಯಾಪಾರಿಗಳು ಹಣ ಕಳೆದುಕೊಂಡರೆಂದು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದು ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಹೇಳಿತು. ಅದು ಬೇರೆ ಬಗೆಯ ವ್ಯಾಪಾರ ನಿಜ. ಆದರೆ ಅದೇ ಫೋನು, ಅದೇ ಬೆರಳು. ಬಾವಿ ಪರೀಕ್ಷೆಯ ಸುದ್ದಿ ಬಂದ ಅರ್ಧ ತಾಸಿನಲ್ಲಿ ಆ ಬೆರಳು ಒತ್ತಿಯಾಗಿರುತ್ತದೆ.

ಮಾಮಾ ಆ ಷೇರುಗಳನ್ನು ಮಾರಲಿಲ್ಲ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿ ಹೊಲದ ಸಾಲ ತೀರಿಸಿದಳು. ಕಳೆದ ಬೇಸಿಗೆಯಲ್ಲಿ ಸಾಧನಕೇರಿಯ ಅವರ ಮನೆಗೆ ಹೋಗಿದ್ದಾಗ ಮಾಮಾ ತಮ್ಮ ನೋಟುಬುಕ್ಕು ತೋರಿಸಿದರು. ಪುಟದ ಎಡಕ್ಕೆ ಕುಂದಗೋಳದ ಬೋರಿನ ನೀರಿನ ಮಟ್ಟ, ತಿಂಗಳಿಗೊಮ್ಮೆ ಹಗ್ಗ ಇಳಿಸಿ ಅಳೆದದ್ದು. ಬಲಕ್ಕೆ ಕಂಪನಿಯ ಉತ್ಪಾದನೆ, ಅದರ ಕೆಳಗೆ ಕಂಪನಿಯ ಪಾಲಿನಿಂದ ಗುಣಿಸಿದ ಅಂಕಿ. ಆಗಿಹೋದದ್ದನ್ನೆಲ್ಲ ಪೆನ್ನಿನಲ್ಲಿ ಬರೆದಿದ್ದರು, ಆಗಲಿದೆ ಎಂದು ಕಂಪನಿ ಹೇಳಿದ್ದನ್ನು ಪೆನ್ಸಿಲಿನಲ್ಲಿ. ಹಲವು ಪುಟಗಳಲ್ಲಿ ಪೆನ್ಸಿಲಿನ ಅಂಕಿಯನ್ನು ಅಳಿಸಿದ ಗುರುತಿತ್ತು.

"ಹೊಸಾ ಬಾವಿ ಟೆಸ್ಟ್ ಮಾಡ್ಯಾರಂತ, ಪೇಪರಿನ್ಯಾಗ ಬಂದದ. ಎಷ್ಟ್ ತಾಸು ಹರಿಸಿದರು ಅಂತ ಬರದಿಲ್ಲ ನೋಡು" ಎಂದರು.

ಷೇರುಪೇಟೆಗೆ ಕಂಪನಿ ಕಳಿಸಿದ ಪತ್ರವನ್ನು ಫೋನಿನಲ್ಲಿ ತೆಗೆದು ಹುಡುಕಿದೆ. ಎರಡನೆಯ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು.

"ಹನ್ನೆರಡು ತಾಸು, ಮಾಮಾ."

"ಹನ್ನೆರಡ ತಾಸೇ?" ಎಂದು ಮಾಮಾ ಕನ್ನಡಕ ಸರಿಮಾಡಿಕೊಂಡು, ಮೇಜಿನ ಮೇಲಿದ್ದ ಪೆನ್ಸಿಲು ತೆಗೆದುಕೊಂಡರು.